ಒಂದನೇ ನಂಬರು

ರದ್ದಿಯ ಜೊತೆ ಬಂದವು ಅವು, ವಾಯುಸೇನೆಯ ಕ್ವಾರ್ಟರ್ಸಿನಿಂದ,
ಹತ್ತೊಂಬತ್ತು ಕ್ಯಾಸೆಟ್ಟು, ಒಂದರ ಮೇಲೂ ಹೆಸರಿಲ್ಲ.
ವರ್ಗವಾದ ಯಾವನೋ ಪೈಲಟ್ಟು ಬಿಟ್ಟುಹೋದದ್ದು.
ಉಸ್ಮಾನ್‌ಗಂಜಿನ ಗಫಾರ್‌ಸಾಬ ತಕ್ಕಡಿಯಿಂದ ಎತ್ತಿ
ನಮ್ಮಣ್ಣನ ಕೈಗಿಟ್ಟ:
"ಒಯ್ಯಿ ಇಮ್ಯಾನುವೆಲ್, ಇದರಾಗ ಖವ್ವಾಲಿ ಇಲ್ಲ, ಬರೇ ಚೀರಾಟ ಅದ."

ಮಂಗಲಪೇಟೆಯ ಮನೆ, ಹಿಂದಿನ ಕೋಣೆ,
ಅಣ್ಣನ ರಿಪೇರಿ ಮೇಜು, ಸೋಲ್ಡರಿನ ಹೊಗೆ,
ಸತ್ತ ಮೂರು ಟೇಪ್‌ರೆಕಾರ್ಡರು ಕೂಡಿಸಿ ಬದುಕಿಸಿದ ಒಂದು.
ಭಾನುವಾರ ಚರ್ಚು ಬಿಟ್ಟ ಮೇಲೆ,
ಕೀರ್ತನೆಯ ಪುಸ್ತಕ ಇನ್ನೂ ಕಂಕುಳಲ್ಲೇ ಇರುವಾಗ,
ಜಗತ್ತಿನ ರಾಕ್ ಹಾಡುಗಳನ್ನೆಲ್ಲ ನಾವು
ಬೀದರಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆವು.

ಇಂಗ್ಲಿಷು ಯಾರಿಗೆ ತಿಳಿಯುತ್ತಿತ್ತು!
ಹೆಸರು ನಾವೇ ಇಟ್ಟೆವು:
ಲಾರಿ ಘಾಟು ಹತ್ತೋದು.
ಅತ್ತಿಗೆ ನಾದಿನಿ ಜಗಳ.
ತಗಡಿನ ಮ್ಯಾಲ ಆಣಿಕಲ್ಲು.
ಹಾಡುವವರಿಗೂ ಇಟ್ಟೆವು: ಗಂಟಲುಹರಕ, ಮೂಗಿನಪ್ಪ,
ಗಿಟಾರನ್ನು ಕರು ಕಳಕೊಂಡಂತೆ ಒದರಿಸುವವನಿಗೆ ಬರೀ ಎಮ್ಮೆ.
ಬೈಗುಳವಲ್ಲ. ನಮ್ಮ ಓಣಿಯಲ್ಲಿ
ಎಮ್ಮೆಗಿಂತ ಹೆಚ್ಚಿನ ಮರ್ಯಾದೆ ಯಾರಿಗಿತ್ತು?

ಅಕ್ಷರ ದುಂಡಗಿವೆ ಅಂತ ಬರೆಯುವ ಕೆಲಸ ನನಗೆ.
ವೈಜಿನಾಥ ಅವರಪ್ಪನ ಕಿರಾಣಿ ಖಾತೆ ಕದ್ದು ತಂದಿದ್ದ,
ಮುಂದಿನ ಪುಟಗಳಲ್ಲಿ ತೊಗರಿಬೇಳೆಯ ಉದ್ರಿ,
ಹಿಂದಿನಿಂದ ನಮ್ಮ ನೂರು.
ಏಳನೇ ನಂಬರಿಗಾಗಿ ಅವನೂ ಅಣ್ಣನೂ
ಎರಡು ವಾರ ಮಾತು ಬಿಟ್ಟರು.
ಬಿದ್ರಿ ಕಾರಖಾನೆಯ ಮುನವ್ವರ್ ವಾದಕ್ಕಿಳಿಯುವವನಲ್ಲ,
ಬೆಳ್ಳಿತಂತಿ ಕೂರಿಸಿ ಕೂರಿಸಿ ಬಿರುಸಾದ ಬೆರಳಿನಿಂದ
ಮೇಜಿನ ಅಂಚಿಗೆ ತಾಳ ಹಾಕುತ್ತಿದ್ದ;
ಬೆರಳು ನಿಂತಿತೋ, ಆ ಹಾಡು ಐವತ್ತರ ಕೆಳಗೆ.
"ರಾಹೇಲಾ, ನಿನ್ನ ವೋಟು?" ಅಂತ ಒಬ್ಬರೂ ಕೇಳಲಿಲ್ಲ.
ಕೇಳದಿದ್ದರೇನು, ಪೆನ್ನು ನನ್ನ ಕೈಯಲ್ಲಿತ್ತು.
ಮೂವತ್ತೊಂದು ಅಂದದ್ದನ್ನು ಹದಿಮೂರು ಮಾಡಿದ್ದೇನೆ.

ಒಂದರ ಬಗ್ಗೆ ಮಾತ್ರ ಜಗಳವೇ ಇರಲಿಲ್ಲ.
ಬಾವ್ಯಾಗಿನ ಮನುಷ್ಯಾ.
ಕರೆಂಟು ಹೋದ ಊರಿನಂಥ ದನಿ,
ಒಂದೊಂದೇ ಮೆಟ್ಟಿಲು, ನಿಂತು, ಉಸಿರು ತಗೊಂಡು,
ಮೇಲೆ ಬರುತ್ತಿತ್ತು, ಬರುತ್ತಲೇ ಇತ್ತು,
ಬಂದು ಏನು ಹೇಳುತ್ತದೋ ಅನ್ನುವಷ್ಟರಲ್ಲಿ ಮುಗಿಯುತ್ತಿತ್ತು.
ಆಮೇಲೆ ಯಾರೂ ಗುಂಡಿ ಒತ್ತುತ್ತಿರಲಿಲ್ಲ.
ರೀಲು ಖಾಲಿ ತಿರುಗುವ ಸದ್ದೂ ಹಾಡಿನದೇ ಅಂತ ತಿಳಿದಿದ್ದೆವು.

ಮೂವತ್ತೆಂಟು ವರ್ಷ.
ಈ ಡಿಸೆಂಬರಿನಲ್ಲಿ ಅಣ್ಣನ ಮಗಳು ಜೆಮೀಮಾ
ಹತ್ತೊಂಬತ್ತನ್ನೂ ಹೈದರಾಬಾದಿಗೆ ಒಯ್ದು
ಕಂಪ್ಯೂಟರಿಗೆ ಹಾಕಿಸಿ ತಂದಳು.
ಹೆಸರು ಸಿಕ್ಕವು, ಇಸವಿ ಸಿಕ್ಕವು.
ದೊಡ್ಡ ದೊಡ್ಡ ಪಟ್ಟಿಗಳಲ್ಲಿ ಎಮ್ಮೆ ಮೊದಲ ಹತ್ತರೊಳಗೆ ನಿಂತಿದ್ದಾನೆ.
(ವೈಜಿನಾಥನಿಗೆ ಆ ಕ್ಷಣವೇ ಫೋನು ಮಾಡಿದೆ.)
ನಮ್ಮ ಒಂದನೇ ನಂಬರು ಯಾವ ಸಾವಿರದಲ್ಲೂ ಇಲ್ಲ.

"ಅತ್ತೀ, ಇದೇ ಏನು?" ಅಂದಳು.
ಕೇಳಿದೆ. ಯಾರೋ ಹುಡುಗ, ಮೀಸೆ ಬಾರದ ಗಂಟಲು,
ಮದುವೆಯ ಬ್ಯಾಂಡಿನವರಂತೆ ದುಡುದುಡು ಓಡುತ್ತ
ಎರಡು ನಿಮಿಷಕ್ಕೆ ಮುಗಿಸಿ ಹೊರಟುಹೋದ.
ಉಳಿದ ಹಾಡುಗಳೂ ತುಸು ತೆಳ್ಳಗಾಗಿದ್ದವು,
ಆದರೂ ನಮ್ಮವೇ ಅಂತ ತಿಳಿಯುತ್ತಿತ್ತು.
ಇದೊಂದು ನನ್ನ ಗುರುತೇ ಹಿಡಿಯಲಿಲ್ಲ.

ಹುಮನಾಬಾದಿನಿಂದ ಅಣ್ಣ
ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ.
"ಬೆಲ್ಟು, ರಾಹೇಲಾ. ಬೆಲ್ಟು ಹರದಿತ್ತು.
ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದೆ.
ಮಷೀನು ಕುಂಟ್ಕೋತ ನಡೀತಿತ್ತು."

ಅಷ್ಟೇ.
ಬಾವಿ ಅಂದರೆ ಒಂದು ಸಡಿಲ ರಬ್ಬರು.
ಆ ಮನುಷ್ಯ ಲಂಡನ್ನಿನಲ್ಲಿ ಹಾಡಿದವನಲ್ಲ,
ಮಂಗಲಪೇಟೆಯಲ್ಲೇ ಹುಟ್ಟಿ
ಒಂದು ಚಳಿಗಾಲ ಹಾಡಿ
ಟ್ಯೂಬಿನ ಜೊತೆ ಸವೆದುಹೋದವನು.
ಮುನವ್ವರನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ,
ಕಟ್ಟೆಯ ಮೇಲೆ ಬೆರಳು ಆಡಿಸಿದ,
ಹಳೆಯ ವೇಗದಲ್ಲೇ.

ರಾತ್ರಿ ಖಾತೆ ತೆಗೆದೆ.
ಹಾಡಿದವರು ಅನ್ನುವ ಕಾಲಮ್ಮಿನಲ್ಲಿ
ಒಂದನೇ ನಂಬರಿನ ಎದುರಿನ ಜಾಗ ಆಗಲೂ ಖಾಲಿ, ಈಗಲೂ.
ಬರೆದೆ: ಸೈಕಲ್ ಟ್ಯೂಬು, ಹಿಂದಿನ ಗಾಲಿಯದು.
ಅಕ್ಷರ ಈಗ ಅಷ್ಟು ದುಂಡಗಿಲ್ಲ.
ಯಾರ ವೋಟೂ ಕೇಳಲಿಲ್ಲ.