ಕೊಯ್ದರೆ ಕೆಂಪಾಗುವ ಬೀಜ

ಟಾಕೊ ಅಂಗಡಿಯ ಹಿಂಬಾಗಿಲಲ್ಲಿ
ಫೆರ್ಮೀನ್ ನನಗೆಂದೇ ಎತ್ತಿಟ್ಟ ಬಕೆಟ್ಟು:
ಊಟದವರು ತಿರುಳು ಬಳಿದು ಬಿಟ್ಟ ಬೆಣ್ಣೆಹಣ್ಣಿನ ಬೀಜ,
ಮುನ್ನೂರೋ ಮುನ್ನೂರಹತ್ತೋ, ಎಣಿಸಿದವರಾರು.
'ಕಸಕ್ಕೂ ಗಿರಾಕಿ ಬಂದಳು' ಅನ್ನುತ್ತಾನೆ ದಿನವೂ,
ದಿನವೂ ನಗುತ್ತೇನೆ. ಮಾಂಟೆರ್ರೆಯ ಮೂರು ಗಂಟೆಯ ಬಿಸಿಲಲ್ಲಿ
ಬಕೆಟ್ಟು ಬಸ್ಸಿನೊಳಗೆ
ನನ್ನ ಕಾಲಸಂದಿಯಲ್ಲಿ ಕೂತು ಬರುತ್ತದೆ.

ಕೊಯ್ದರೆ ಬೀಜ ಮೊದಲು ಬಿಳಿ,
ಗಡಿಯಾರ ನೋಡಿ ಕಣ್ಣು ತಿರುಗಿಸುವಷ್ಟರಲ್ಲಿ ಕಿತ್ತಳೆ,
ಆಮೇಲೆ ಕೆಂಪು, ಒಗೆದರೂ ಹೋಗದ ಕೆಂಪು.
ಹಿಂದೆ ಇದರಲ್ಲೇ ಅದ್ದಿ ಕಾಗದ ಬರೆಯುತ್ತಿದ್ದರಂತೆ.
ನನ್ನ ಬಿಳಿ ಕೋಟಿನ ತೋಳ ಮೇಲೆ
ಯಾರಿಗೂ ಓದಲು ಬಾರದ ಎರಡು ವರ್ಷದ ಕಾಗದವಿದೆ.

ಇದನ್ನು ಇಡಿಯಾಗಿ ನುಂಗುತ್ತಿದ್ದ ಆನೆಗಾತ್ರದ ಮೃಗಗಳೆಲ್ಲ
ಎಂದೋ ಮಣ್ಣಾದವಂತೆ. ಬೀಜಕ್ಕೆ ಸುದ್ದಿ ಮುಟ್ಟಿಲ್ಲ.
ಅದೇ ಗಾತ್ರದಲ್ಲಿ ಇನ್ನೂ ಕಾಯುತ್ತಿದೆ,
ಒದ್ದೆ ಮಣ್ಣಿನ ಕಾಣದ ಬಾಯಿಗಳಿಗೆ ತುತ್ತಾಗದಂತೆ
ಮೈಯೊಳಗೊಂದು ಜಿಡ್ಡು ಬಚ್ಚಿಟ್ಟುಕೊಂಡು.

ಆ ಜಿಡ್ಡೇ ನನಗೆ ಬೇಕು.
ಅರೆದೆ, ಸೋಸಿದೆ, ಸೀಸೆಯಿಂದ ಸೀಸೆಗೆ ಇಳಿಸಿದೆ,
ದಾಯಾದಿಗಳ ಆಸ್ತಿಯಂತೆ ಹನ್ನೆರಡು ಪಾಲು ಮಾಡಿದೆ.
ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹಬ್ಬಿತ್ತು
ಕನ್ನಡಿಗೆ ಉಸಿರು ತಾಗಿದ ಹಾಗೆ.
ಏಳನೆಯ ಸೀಸೆಯ ಹನಿಯ ಸುತ್ತ ಮಾತ್ರ
ಒಂದು ಬಯಲು. ಒಂಬತ್ತು ಮಿಲಿಮೀಟರು.
ಕಿರುಬೆರಳ ಉಗುರಿನಷ್ಟು ಜಾಗ, ಅಲ್ಲಿ ಯಾರೂ ಇಲ್ಲ.

ನೆಲ ಒರೆಸುವ ಸೆನಾಯ್ದಾ ಬಗ್ಗಿ ನೋಡಿದಳು.
'ಇಷ್ಟಕ್ಕೆ ಎರಡು ವರ್ಷವೇ, ಮಗಳೇ?
ನಮ್ಮಮ್ಮನ ಮೊಣಕಾಲಿಗೆ ಇದೇ ಬೀಜ, ಕಬ್ಬಿನ ಸಾರಾಯಿ,
ನಾನು ಲಂಗ ತೊಡುತ್ತಿದ್ದಾಗಿನಿಂದ ತಿಕ್ಕುತ್ತಿದ್ದೇನೆ.'
ಮರುದಿನ ತಂದಳು, ಕೆಮ್ಮಿನ ಔಷಧದ ಹಳೆ ಬಾಟಲಿ,
ಒಳಗೆ ಇಟ್ಟಿಗೆ ಬಣ್ಣ. ಅದನ್ನೂ ತಟ್ಟೆಗೆ ಹಾಕಿದೆ,
ಪಕ್ಕದಲ್ಲಿ ಬರೀ ಸಾರಾಯಿ, ಹೋಲಿಕೆಗೆ.

ಎರಡೂ ಬಯಲು ಒಂದೇ ಅಳತೆ.
ಬೀಜದ್ದಲ್ಲ, ಸಾರಾಯಿಯ ಕೆಲಸ.

ಹೇಳಲೋ ಬೇಡವೋ ಎಂದು ಕೈ ತೊಳೆದೆ. ಮತ್ತೆ ತೊಳೆದೆ.
ಹೇಳಿದೆ.
ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ
'ಇರಲಿ, ತಿಕ್ಕಿದರೆ ಅಮ್ಮನಿಗೆ ನಿದ್ದೆ ಬರುತ್ತೆ' ಎಂದಳು.
ಬಾಗಿಲ ತನಕ ಹೋಗಿ ತಿರುಗಿ ಬಂದಳು:
'ಈಗ ಹಿಮ್ಮಡಿಯಲ್ಲಿ ಹುಣ್ಣಾಗಿದೆ, ಸಕ್ಕರೆ ಕಾಯಿಲೆಯದು.
ಆ ಏಳನೆಯದು ಒಂದು ಹನಿ ಕೊಡ್ತೀಯಾ?'

ಇಲ್ಲ ಎಂದೆ.
ತಟ್ಟೆಯಲ್ಲಿ ಸತ್ತದ್ದು ಹಿಮ್ಮಡಿಯಲ್ಲಿ ಸಾಯಬೇಕೆಂದಿಲ್ಲ,
ಮೇಲಾಗಿ ಹಿಮ್ಮಡಿಯೂ ಬದುಕಬೇಕಲ್ಲ.
ಆಸ್ಪತ್ರೆಯ ವಿಳಾಸ ಬರೆದುಕೊಟ್ಟೆ. ಪೆನ್ನು ಸಿಗಲಿಲ್ಲ,
ಕಡ್ಡಿಯನ್ನು ಬೀಜದ ಕೆಂಪಿಗೆ ಅದ್ದಿ ಬರೆದೆ.

ಗುರುವಾರ ಅವಳು ಬರಲಿಲ್ಲ. ಶುಕ್ರವಾರ ನೆಲ ನಾನೇ ಒರೆಸಿದೆ.
ಏಳನೆಯ ಸೀಸೆಗೆ ಬೀಗವಿಲ್ಲ, ಮೂರನೆಯ ಕಪಾಟಿನಲ್ಲಿದೆ,
ಅವಳಿಗೂ ಗೊತ್ತು.
ದಿನಾ ಬೆಳಕಿಗೆ ಹಿಡಿದು ಮಟ್ಟ ನೋಡುತ್ತೇನೆ:
ಕೂದಲೆಳೆಯಷ್ಟೂ ಇಳಿದಿಲ್ಲ.
ಇಳಿದಿದ್ದರೆ ಬೈಯುತ್ತಿದ್ದೆನೋ ಏನೋ,
ನೋಡುವುದನ್ನಂತೂ ಬಿಟ್ಟಿಲ್ಲ.