ಪುಸ್ತಕದಲ್ಲಿ ಹಾರಿದ ವಿಮಾನಗಳು

ಗುರುವಾರ ಗುರುವಾರ ಬರುತ್ತೇನೆ.
ಹನ್ನೊಂದು ಗಾಜಿನ ಶೀಸೆ, ಉದ್ದನೆ ಹಗ್ಗ,
ತುದಿಗೊಂದು ಬೆರಳು ದಪ್ಪದ ಕೊಳವೆ.
ವೆಲ್ಡಾ ಬಾಗಿಲಲ್ಲೇ ನಿಂತಿರುತ್ತಾಳೆ, ಕೈಯಲ್ಲಿ ಖಾಲಿ ಬಕೆಟ್ಟು.
"ಈ ವಾರ ಕುಡಿಯಬಹುದಾ?"

ಎಸ್ಟೋನಿಯಾದ ಈ ಮೂಲೆಯಲ್ಲಿ
ಗಂಡ ಎಂಡೆಲ್ ಇದ್ದ ಕಾಲಕ್ಕೆ
ಬಾವಿಯಿಂದ ಸೇದಿದ್ದನ್ನು ನೀರು ಅನ್ನುತ್ತಿರಲಿಲ್ಲ ಯಾರೂ.
ಮೇಲೆ ನಾಲ್ಕು ಬೆರಳು ಸೀಮೆಎಣ್ಣೆ, ಕೆಳಗೆ ತಣ್ಣಗೆ ಉಳಿದದ್ದು.
ಹಾಲಿನ ಕೆನೆ ತೆಗೆದ ಹಾಗೆ ಸೌಟಿನಲ್ಲಿ ತೆಗೆದು
ದೀಪಕ್ಕೆ ಹಾಕಿದರು, ಟ್ರ್ಯಾಕ್ಟರಿಗೆ ಹಾಕಿದರು,
ಡಬ್ಬಿಗೆ ತುಂಬಿ ಪಕ್ಕದ ಹಳ್ಳಿಗೆ ಮಾರಿದರು ಕೂಡ.
"ಆ ಚಳಿಗಾಲ ನಮ್ಮನೆಯಲ್ಲಿ ಕತ್ತಲೆಯೇ ಇರಲಿಲ್ಲ"
ಅನ್ನುತ್ತಾಳೆ. ಹೊಗಳಿಕೆಯೋ ಬೈಗುಳವೋ
ಆರು ವರ್ಷವಾಯಿತು, ನನಗಿನ್ನೂ ತಿಳಿದಿಲ್ಲ.

ಸೀಮೆ ದಾಟಿ ಬಂದವರು ಸೀಮೆ ದಾಟಿ ಹೋದರು,
ಎಣ್ಣೆ ಹೋಗಲಿಲ್ಲ.

ಲೆಕ್ಕ ಹೀಗಿತ್ತಂತೆ:
ತಿಂಗಳಿಗೆ ಇಷ್ಟು ಗಂಟೆ ಹಾರಬೇಕು, ಮೇಲಿನವರ ಆಜ್ಞೆ.
ಮಂಜು ಕವಿದರೆ ವಿಮಾನ ಏಳುವುದಿಲ್ಲ;
ಪುಸ್ತಕದಲ್ಲಿ ಏಳಲೇಬೇಕು.
ಪುಸ್ತಕದಲ್ಲಿ ಎದ್ದದ್ದು ಎಣ್ಣೆ ಕುಡಿಯಲೇಬೇಕು.
ಟ್ಯಾಂಕಿನಲ್ಲಿ ಉಳಿದರೆ ಎಣ್ಣೆ ಬಾಯಿಬಿಡುತ್ತದೆ.
ಅದಕ್ಕೇ ರಾತ್ರಿ, ಪೈನ್ ಮರಗಳ ಹಿಂದೆ,
ನಲ್ಲಿ ಬಿಚ್ಚಿ ನೆಲಕ್ಕೆ ಕುಡಿಸಿದರು.
ನೆಲ ಯಾವತ್ತು ಬೇಡ ಅಂದಿದೆ?

ಹಾರದ ವಿಮಾನಗಳೆಲ್ಲ ಇಲ್ಲೇ ಇವೆ,
ಏಳು ಮೀಟರ್ ಕೆಳಗೆ, ಮರಳಿನ ಸಂದಿಯಲ್ಲಿ,
ರೆಕ್ಕೆಯಿಲ್ಲದೆ, ಸದ್ದಿಲ್ಲದೆ,
ವರ್ಷಕ್ಕೆ ಹನ್ನೆರಡು ಹೆಜ್ಜೆ
ನದಿಯ ಕಡೆ ತೆವಳುತ್ತ.

ಹ್ಯಾಂಗರಿನ ಗೋಡೆಯಲ್ಲಿ ಮೊಳೆಯಿಂದ ಗೀಚಿದೆ:
ಇಲ್ಖೋಮ್, ಫರ್ಗಾನಾ, ಇನ್ನು ನಲವತ್ತೊಂದು ದಿನ.
ನಲ್ಲಿ ಬಿಚ್ಚಿದವರಲ್ಲಿ ಅವನೂ ಇದ್ದನೋ ಏನೋ.
ಊರು ಸೇರಿದ ಮೇಲೆ ಕೈಯ ವಾಸನೆ ಎಷ್ಟು ದಿನ ಉಳಿಯಿತೋ.
ವೆಲ್ಡಾ ಒಮ್ಮೆ ತಾನಾಗಿ ಹೇಳಿದಳು:
ಒಬ್ಬ ಹುಡುಗ ಬಾವಿಕಟ್ಟೆಗೆ ಬಂದು ಸನ್ನೆಯಲ್ಲೇ ನೀರು ಕೇಳಿದ್ದ,
ಸೇದಿ ಕೊಟ್ಟೆ, ಎರಡು ಸೇಬೂ ಕೊಟ್ಟೆ.
"ಒಳ್ಳೆ ನೀರಿತ್ತು ಆಗ."
ಹೆಸರು ಕೇಳಿರಲಿಲ್ಲ ಅವಳು.

ನಮ್ಮ ಕೆಲಸ ದೊಡ್ಡದೇನಲ್ಲ.
ಕೊಳವೆ ಇಳಿಸಿ ನೆಲದೊಳಗೆ ಗಾಳಿ ಊದುತ್ತೇವೆ,
ಹಸಿ ಸೌದೆಯ ಒಲೆ ಊದಿದ ಹಾಗೆ.
ಕಣ್ಣಿಗೆ ಕಾಣದ ಜೀವಿಗಳು, ಉಸಿರು ಸಿಕ್ಕರೆ ಎಣ್ಣೆ ತಿನ್ನುತ್ತವೆ,
ಚಳಿಗೆ ಮಲಗಿ ಮೇ ತಿಂಗಳಿಗೆ ಏಳುತ್ತವೆ.
ಅವಕ್ಕೆ ಆಜ್ಞೆಯಿಲ್ಲ, ಗಂಟೆಯ ಲೆಕ್ಕವಿಲ್ಲ.
ಮಂತ್ರಿಯೊಬ್ಬರು ಬಂದು ಪಂಪಿನ ರಿಬ್ಬನ್ ಕತ್ತರಿಸಿ
ಬಾಟಲಿ ನೀರು ಕುಡಿದು ಹೋದರು.

ಇನ್ನೊಂದು ಮಾತಿದೆ.
ಕಳೆದ ಫೆಬ್ರವರಿ, ಹಿಮಗಾಳಿಗೆ ರಸ್ತೆ ಮುಚ್ಚಿದ ವಾರ,
ಕಚೇರಿಯ ಹೀಟರಿನ ಪಕ್ಕ ಕೂತು
ಹಿಂದಿನ ವಾರದ ಅಂಕಿಯನ್ನೇ ಬರೆದೆ,
ಕೊನೆಯ ಸೊನ್ನೆಯ ಪಕ್ಕ ಒಂದಿಷ್ಟು ಕಮ್ಮಿ ಮಾಡಿ.
ಚೆನ್ನಾಗಿ ಕಾಣುತ್ತಿತ್ತು, ಇಳಿಯುವ ಗೆರೆ.
ಬರೆದು ಪೆನ್ನಿನ ಮುಚ್ಚಳ ಹಾಕಿದೆ.
ಆಗ ಕೇಳಿಸಿತು, ಎಲ್ಲೋ ಕೆಳಗೆ,
ಎಂಜಿನ್ನಿನಂಥ ಸದ್ದು.

ಮುಂದಿನ ಗುರುವಾರ ವೆಲ್ಡಾ ಏನನ್ನೂ ಕೇಳಲಿಲ್ಲ.
"ಆ ವಾರ ನನ್ನಂಗಳದ ಹಿಮ ನುಣ್ಣಗಿತ್ತು" ಅಂದಳು ಅಷ್ಟೆ,
"ಮೊಲದ ಹೆಜ್ಜೆ ಮಾತ್ರ."
ಅವಳ ಮುಂದೆಯೇ ಪುಟ ತೆರೆದು, ಸಾಲು ಹೊಡೆದು ಹಾಕಿ,
ಪಕ್ಕದಲ್ಲಿ ಬರೆದೆ: ಬಂದಿಲ್ಲ. ಅಳೆದಿಲ್ಲ.
ಕೈಗವಸು ತೆಗೆದದ್ದಕ್ಕೆ ಅಕ್ಷರ ಸೊಟ್ಟಗಾದವು.

ಇವತ್ತು ಶೀಸೆ ಎತ್ತಿ ಬೆಳಕಿಗೆ ಹಿಡಿದೆ.
ಕೂದಲೆಳೆಯಷ್ಟು ಕಾಮನಬಿಲ್ಲು, ಇನ್ನೂ ಇದೆ.
"ಇಲ್ಲ, ವೆಲ್ಡಾ."
"ಸರಿ."
ಬಕೆಟ್ಟನ್ನು ಬೋರಲು ಹಾಕಿ
ಅದರ ಮೇಲೆ ಕೂತು ಬೂಟಿನ ಕೆಸರು ಕೆರೆಯತೊಡಗಿದಳು.