ಸುತ್ತಿಗಿ ಸುತ್ತು ತಾಗಿದ್ರ

ಉದ್ಯಮಬಾಗದಾಗ ಮೂರನೇ ಗಲ್ಲಿ,
ಫೌಂಡ್ರಿಯ ಕರಿ ಉಸುಕು ಚಪ್ಪಲಿಗಿ ಹತ್ತೂ ಜಾಗಾ.
ಅಲ್ಲಿ ನಂದೊಂದು ಟೇಬಲ್ಲು,
ಟೇಬಲ್ ಮ್ಯಾಲೆ ಸ್ಪ್ರಿಂಗ್ ಒತ್ತಿ ನೋಡೂ ಮಶೀನು.
ಸ್ಪ್ರಿಂಗ್ ಸಕ್ಕೂಬಾಯಿ ಅಂದ್ರ ಮಚ್ಛೆತನಾ ಗೊತ್ತು,
ಪೂರಾ ಹೆಸರು ಲೈಟ್ ಬಿಲ್ಲಿನ ಮ್ಯಾಲೆ ಅಷ್ಟ ಐತಿ.

ಸುಯೋಗ ಬಿರ್ಜೆ ಬಂದ, ಸಂಜಿಮುಂದ,
ಮರಾಠಿ ಪೇಪರಿನಾಗ ಸುತ್ತಿದ ಕ್ಯಾಮು
ಕೂಸು ಎತ್ಕೊಂಡಂಗ ಎರಡೂ ಕೈಯಾಗ.
"ಮಾಂವಶಿ, ಹತ್ತು ಪಾಯಿಂಟ್ ಎರಡು ಲಿಫ್ಟು.
ಕೊಲ್ಹಾಪುರದಾಗ ಕೊರಿಸೀನಿ.
ನನ್ನ ಹಳೇ ಎಸ್ಟೀಮಿಗಿ ಹಾಕಿದ್ರ
ಏಳು ಸಾವಿರಕ್ಕ ಹಾಡ್ತೈತಿ."

ಹಾಡ್ಲಿ, ಅಂದ್ನಿ. ಮೊದ್ಲ ಅದರ ಸ್ಪ್ರಿಂಗ್ ಕೊಡು.

ಸೀಟಿನ ಮ್ಯಾಲೆ ಕುಂತಾಗ ನಲವತ್ತೊಂದೂವರಿ ಮಿಲಿ.
ಕೈಹಿಡಿ ಜಗ್ಗಿದ್ನಿ. ಮುಳ್ಳು ಏರಿತು,
ಸುತ್ತಿನ ನಡುವಿನ ಬೆಳಕು
ಸಣ್ಣಾಗಿ, ಸಣ್ಣಾಗಿ, ಕೂದಲಿನಷ್ಟಾಗಿ
ಹೋತು.
ಮೂವತ್ತೊಂದು.
ಮುಂಜಾನೆ ಎಂಟಕ್ಕ ಸಿಬಿಟಿ ಬಿಡೂ ಬಸ್ಸಿನಾಗ
ನಿಂತವರಿಗಿ ನಿಂತವರು ಹತ್ತಿದಂಗ,
ಇನ್ನ ಒಬ್ಬಾಂವಗ ಕಾಲಿಡಾಕ ಜಾಗಿಲ್ಲ.

ಲೆಕ್ಕಾ ನೀನ ಮಾಡು, ಅಂದ್ನಿ.
ಪೇಪರಿನ ಅಂಚಿನಾಗ ಮಾಡಿದ:
ಕುಗ್ಗಾಕ ಇರೂದು ಹತ್ತೂವರಿ,
ಕ್ಯಾಮು ಕೇಳೂದು ಹತ್ತು ಪಾಯಿಂಟ್ ಎರಡು.
"ಮೂರು ಪಾಯಿಂಟ್ ಉಳೀತಲ್ಲಾ!"
ಮೂರು ಪಾಯಿಂಟಿನಾಗ ಏನ್ ಹಿಡೀತೈತೋ ತಮ್ಮಾ,
ಒಂದು ಲಗ್ನಪತ್ರಿಕಾ ತುರುಕು, ತುಂಬಿತು.
ನನಗ ಒಂದು ಮಿಲಿಯರ ಬೇಕು.
ಓಟದಾಗ ಸ್ಪ್ರಿಂಗು ಸುಮ್ಮನ ಕುಂದ್ರೂದಿಲ್ಲ,
ತನ್ನೊಳಗ ತಾನ ತೆರಿ ಎಬ್ಬಿಸ್ತೈತಿ.
ಸುತ್ತಿಗಿ ಸುತ್ತು ತಾಗಿದ್ರ
ಅದು ಸ್ಪ್ರಿಂಗ್ ಅಲ್ಲ,
ಸುತ್ತಿಗಿ.

"ಹಂಗಾರ ಕೆಳಗ ವಾಶರ್ ಇಟ್ಟು ಬಿಗಿ ಮಾಡೋಣು."
ಎಲ್ಲಾ ಹುಡುಗೂರು ಇದನ್ನ ಅಂತಾರ.
ಬಿಗಿ ಬರ್ತೈತಿ ಖರೆ,
ಇದ್ದ ತುಸು ಜಾಗಾನೂ ವಾಶರ್ರ ತಿಂತೈತಿ.
ಮೆತ್ತಗಾದ್ರ ವಾಲ್ವು ತೇಲಿ
ಪಿಸ್ಟನ್ನಿಗಿ ಹಣಿ ಕೊಡ್ತೈತಿ,
ಗಟ್ಟಿ ಅತಿ ಆದ್ರ ಕ್ಯಾಮಿನ ಮೂಗು ಸವದು
ನೀ ಕೊಲ್ಹಾಪುರಕ್ಕ ಕೊಟ್ಟ ರೊಕ್ಕ
ಎಣ್ಣ್ಯಾಗ ಮಿಂಚ್ಕೋತ ಅಡ್ಡಾಡ್ತೈತಿ.

ಸಿಟ್ಟಿಗೆದ್ದು ಹೋದ. ಕ್ಯಾಮು ಇಲ್ಲೇ ಬಿಟ್ಟ.

ಹೋದ ವರ್ಷ ಒಬ್ಬಾಂವ ಹಿಂಗ ಹೋಗಿದ್ದ.
ವಂಟಮೂರಿ ಘಾಟಿನಾಗ ಗಾಡಿ ನಿಂತು
ಬಾಗಿದ ವಾಲ್ವು ತಂದು ಟೇಬಲ್ಲಿಗಿಟ್ಟು
ಏನೂ ಮಾತಾಡಲಿಲ್ಲ.
ಗ್ವಾಡಿಗಿ ಬಡದೀನಿ ಅದನ್ನ,
ನನ್ನ ಊಟದ ಚೀಲ ತೂಗಾಕ ಚಲೋ ಆಗೇತಿ.

ಸುಯೋಗ ಶುಕ್ರವಾರ ಬಂದ.
ಕೈಯಾಗ ಬಾಗಿದ್ದು ಏನೂ ಇಲ್ಲ, ಒಂದು ಟಿಫಿನ್ ಡಬ್ಬಿ.
ಕ್ಯಾಮು ಬೆಳಿಗ್ಗೆ ನಮ್ಮ ಹುಡುಗನ ಕಡಿಂದ ಒಯ್ದು
ಪಿಸ್ಟನ್ ತಲಿಮ್ಯಾಲೆ ತಂಗಿಯ ಸಾಲಿ ಬಣ್ಣದ ಮಣ್ಣು ಮೆತ್ತಿ,
ಹೆಡ್ಡು ಬಿಗದು, ಕೈಲೆ ಎರಡು ಸುತ್ತು ತಿರುವಿ,
ಮತ್ತ ಬಿಚ್ಚಿ, ಆ ಮಣ್ಣು ತಂದಿದ್ದ:
ಹಸರು ಬಿಲ್ಲಿ, ಅದರಾಗ ವಾಲ್ವು ಒತ್ತಿದ ಗುರುತು,
ಚಾದ ಕಪ್ಪು ಬಿಟ್ಟ ಕಲಿಯಂಗ, ಅರ್ಧ.
ಬ್ಲೇಡಿಲೆ ಕೊಯ್ದು ಅಳದ್ನಿ.
ಭಾಳ ತೆಳ್ಳಗಿದ್ದಲ್ಲೂ ಎರಡು ಮಿಲಿ.
ಇದನ್ನ ನಾ ಹೇಳಿದ್ದಿಲ್ಲ.
ಯಾರೂ ಹೇಳಿಲ್ಲ, ಅಂದ.
ಚಾ ತರ್ಸಿದ್ನಿ.

ಆಮ್ಯಾಲೆ ಮಕ್ತುಂ ಉಸ್ತಾದರ ತಗಡಿನ ಪೆಟ್ಟಿಗಿ ತಗದ್ನಿ.
ಎಣ್ಣಿ ಅರಿವ್ಯಾಗ ಎಂಟು ಸ್ಪ್ರಿಂಗು,
ತಂತಿ ಒಂದು ಎಳಿ ಸಣ್ಣದು, ಉಕ್ಕು ಬ್ಯಾರೆ ಜಾತೀದು.
ಯಾರ ಗಾಡಿಗಂತ ಸುತ್ತಿಸಿದ್ರೋ,
ಆ ಗಿರಾಕಿ ಬರ್ಲೇ ಇಲ್ಲ, ಉಸ್ತಾದರೂ ಹೋದ್ರು.
ಒತ್ತಿದ್ನಿ. ಇಪ್ಪತ್ತೊಂಬತ್ತೂವರಿಗಿ ಕೂಡಿದ್ವು.
"ಒಂದು ಪಾಯಿಂಟ್ ಎಂಟು ಉಳೀತೈತಿ," ಅಂದ ಹುಡುಗ,
ನನಕಿಂತ ಮೊದ್ಲ, ಪೇಪರ್ ಇಲ್ಲದ.

"ಚಾಲೂ ಯಾವಾಗ ಮಾಡ್ಲಿ?"
ಮೊದ್ಲ ಕೈಲೆ ತಿರುವು.
ಎಲ್ಲೆರ ತಡದ್ರ ಬಲಾ ಹಾಕಬ್ಯಾಡ, ನಿಂದ್ರು.

ಎಂಟೂ ಒಂದೊಂದ ಒತ್ತಿ ವಹೀಗಿ ಬರದ್ನಿ.
ನನ್ನ ಮಶೀನಿನ ಮುಳ್ಳು ಸೊನ್ನಿಗಿ ಬರೂದಿಲ್ಲ,
ಯಾರೂ ಒತ್ತದಾಗೂ ಎರಡು ಕಿಲೋ ಹಿಡ್ಕೊಂಡಿರ್ತೈತಿ.
ರಿಪೇರಿ ಬ್ಯಾಡವಾ, ಕಳದು ಬರಕೋ,
ಅಂದಿದ್ರು ಉಸ್ತಾದ್ರು.
ಅರವತ್ತೆರಡು ತೋರಿಸ್ತು.
ಅರವತ್ತು ಅಂತ ಬರದ್ನಿ.